ಆಪರೇಷನ್‌ಗೆ ಮೊದಲು ಗಂಟಿನ ರಕ್ತ ತಡೆಯುವುದು: ನೂರಿಪ್ಪತ್ತು ವರ್ಷದ ಕಥೆ, ಇನ್ನೂ ಉಳಿದ ಅಪಾಯ

"ತಲಿಯೊಳಗ ಗಂಟು ಐತಿ, ಆಪರೇಷನ್ ಮಾಡಬೇಕು. ಅದಕ್ಕಿಂತ ಮೊದಲ ತೊಡಿಯಿಂದ ಒಂದು ಸಣ್ಣ ನಳಿಗಿ ಹಾಕಿ ಗಂಟಿಗೆ ಹೋಗೂ ರಕ್ತ ಬಂದ್ ಮಾಡತೀವಿ. ಇಲ್ಲಿ ಸಹಿ ಮಾಡ್ರಿ."

ದೊಡ್ಡ ಆಸ್ಪತ್ರೆಯಲ್ಲಿ ಇಂಥ ಮಾತು ಕೇಳಿದಾಗ ನಮ್ಮ ಕಡೆಯ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಕೆಲವರು ಹೆದರಿ, "ರಕ್ತ ಬಂದ್ ಮಾಡಿದರ ಮನಷ್ಯಾ ಉಳಿತಾನೇನ್ರಿ?" ಎಂದು ಪೇಷಂಟನ್ನು ವಾಪಸ್ ಕರೆದುಕೊಂಡು ಬರುತ್ತಾರೆ. ಇನ್ನು ಕೆಲವರು, "ನಿಮಗ ಗೊತ್ತಲ್ರಿ ಸಾಹೇಬ್ರ" ಎಂದು ಏನೂ ಕೇಳದೆ ಸಹಿ ಹಾಕುತ್ತಾರೆ. ಎರಡೂ ನಷ್ಟವೇ. ಮೊದಲಿನವರು ಸಿಗಬಹುದಾದ ಉಪಯೋಗ ಕಳೆದುಕೊಳ್ಳುತ್ತಾರೆ. ಎರಡನೆಯವರಿಗೆ ಮುಂದೆ ಏನಾದರೂ ಆದಾಗ ಯಾಕೆ ಆಯಿತು ಎಂಬುದೇ ತಿಳಿಯುವುದಿಲ್ಲ.

ಈ ಚಿಕಿತ್ಸೆಯ ಹೆಸರು ಎಂಬೊಲೈಸೇಷನ್. ಇದು ನಿನ್ನೆ ಮೊನ್ನೆ ಬಂದದ್ದಲ್ಲ. ಇದರ ಹಿಂದೆ ನೂರಿಪ್ಪತ್ತು ವರ್ಷದ ಚರಿತ್ರೆ ಇದೆ. ಇವತ್ತು ವೈದ್ಯರು ಹೇಳುವ ಪ್ರತಿಯೊಂದು ಅಪಾಯವೂ ಆ ದಾರಿಯಲ್ಲಿ ಯಾರೋ ಅನುಭವಿಸಿ ಗೊತ್ತಾದದ್ದು. ಆ ದಾರಿಯನ್ನು ಒಮ್ಮೆ ನೋಡಿದರೆ ಸಹಿ ಹಾಕುವ ಮುಂಚೆ ಏನು ಕೇಳಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಅದಕ್ಕೇ ಈ ಬರಹ.

ಗಂಟಿಗೆ ರಕ್ತ ಎಲ್ಲಿಂದ ಬರುತ್ತದೆ?

ಮೊದಲು ಒಂದು ಮಾತು. ನಮ್ಮಲ್ಲಿ ರಕ್ತ ಹರಿಯುವ ನಾಳಕ್ಕೂ "ನರ" ಅನ್ನುತ್ತೇವೆ, ಮೆದುಳಿನ ಸುದ್ದಿ ಒಯ್ಯುವ ತಂತಿಗೂ "ನರ" ಅನ್ನುತ್ತೇವೆ. ಆಸ್ಪತ್ರೆಯಲ್ಲಿ ಇವೆರಡೂ ಬೇರೆ ಬೇರೆ. ಈ ಬರಹದಲ್ಲಿ ರಕ್ತ ಹರಿಯುವುದಕ್ಕೆ ರಕ್ತನಾಳ ಎಂದೇ ಬರೆಯುತ್ತೇವೆ.

ಕಬ್ಬಿನ ಹೊಲಕ್ಕೆ ನೀರು ಬೇಕಾದಂತೆ ಗಂಟಿಗೂ ರಕ್ತ ಬೇಕು. ಗಂಟು ಬೆಳೆಯುತ್ತ ಹೋದಂತೆ ಅಕ್ಕಪಕ್ಕದ ರಕ್ತನಾಳಗಳಿಂದ ತನ್ನ ಕಡೆಗೆ ಹೊಸ ಕವಲು ಎಳೆದುಕೊಳ್ಳುತ್ತದೆ. ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಈ ವಿಚಾರವನ್ನು ಸ್ಪಷ್ಟವಾಗಿ ಮುಂದಿಟ್ಟರು. ಎಲ್ಲ ಗಂಟುಗಳೂ ಒಂದೇ ರೀತಿ ರಕ್ತ ಕುಡಿಯುವುದಿಲ್ಲ. ಮೆದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮ, ಮೂತ್ರಪಿಂಡದ ಕೆಲವು ಕ್ಯಾನ್ಸರ್‌ಗಳು, ಹದಿಹರೆಯದ ಹುಡುಗರ ಮೂಗಿನ ಹಿಂಭಾಗದಲ್ಲಿ ಬೆಳೆಯುವ ಆಂಜಿಯೋಫೈಬ್ರೋಮ ಎಂಬ ಗಂಟು, ಇವುಗಳಲ್ಲಿ ರಕ್ತ ಜಾಸ್ತಿ. ಚಾಕು ತಾಗಿದರೆ ಸಾಕು, ಒಡ್ಡು ಒಡೆದಂತೆ ಹರಿಯುತ್ತದೆ.

ಈ ರಕ್ತಸ್ರಾವವೇ ಶಸ್ತ್ರವೈದ್ಯರ ಹಳೆಯ ವೈರಿ. 1846ರಲ್ಲಿ ಈಥರ್ ಬಂದು ನೋವು ತಪ್ಪಿತು. 1867ರಲ್ಲಿ ಲಿಸ್ಟರ್ ಅವರ ಕ್ರಿಮಿನಾಶಕ ಪದ್ಧತಿ ಪ್ರಕಟವಾಗಿ ಕೀವು ಕಡಿಮೆಯಾಗುವ ದಾರಿ ತೆರೆಯಿತು. ಆದರೆ ರಕ್ತ ಹರಿಯುವುದು ನಿಲ್ಲಲಿಲ್ಲ. ಮೆನಿಂಜಿಯೋಮ ಎಂಬ ಹೆಸರನ್ನು 1922ರಲ್ಲಿ ಕೊಟ್ಟವರು ಅಮೆರಿಕದ ಹಾರ್ವಿ ಕುಶಿಂಗ್. ಮೆದುಳಿನ ಶಸ್ತ್ರಚಿಕಿತ್ಸೆಗೆ ತಳಪಾಯ ಹಾಕಿದ ಅವರೂ ರಕ್ತ ನಿಲ್ಲದೆ ಅರ್ಧಕ್ಕೇ ಆಪರೇಷನ್ ನಿಲ್ಲಿಸಿದ್ದುಂಟು. 1926ರ ಅಕ್ಟೋಬರ್‌ನಲ್ಲಿ, ಹಾಗೆ ಅರ್ಧಕ್ಕೆ ಬಿಟ್ಟಿದ್ದ ಒಬ್ಬ ರೋಗಿಯ ಗಂಟನ್ನು, ಬೋವಿ ಎಂಬ ವಿಜ್ಞಾನಿ ಮಾಡಿದ ವಿದ್ಯುತ್ ಉಪಕರಣದಿಂದ ರಕ್ತನಾಳಗಳನ್ನು ಸುಡುತ್ತ ಸುಡುತ್ತ ಕುಶಿಂಗ್ ತೆಗೆದರು. ಇವತ್ತಿಗೂ ಆಪರೇಷನ್ ಥಿಯೇಟರ್‌ಗಳಲ್ಲಿ ಅದರ ವಂಶದ ಉಪಕರಣವೇ ಇರುತ್ತದೆ.

ಕುಡಚಿ ಸ್ಟೇಷನ್, ಮಿರಜ್ ಆಸ್ಪತ್ರೆ

ಅದೇ ಕಾಲದಲ್ಲಿ ನಮ್ಮ ಭಾಗದಲ್ಲಿ ಏನಿತ್ತು? ಜಮಖಂಡಿ ಪಟವರ್ಧನರ ಸಂಸ್ಥಾನ. ಮಿರಜ್ ಅದೇ ಪಟವರ್ಧನ ಮನೆತನದ ಇನ್ನೊಂದು ಶಾಖೆಯ ಸಂಸ್ಥಾನ. 1889ರಲ್ಲಿ ಭಾರತಕ್ಕೆ ಬಂದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜ್‌ನಲ್ಲಿ ಆಸ್ಪತ್ರೆ ತೆರೆದರು. ಕಣ್ಣಿನ ಪೊರೆಯಿಂದ ಹಿಡಿದು ಹೊಟ್ಟೆಯ ಆಪರೇಷನ್‌ವರೆಗೆ ಅಲ್ಲಿ ನಡೆಯುತ್ತಿತ್ತು. ಜಮಖಂಡಿಗೆ ರೈಲು ಇರಲಿಲ್ಲ, ಹತ್ತಿರದ ಸ್ಟೇಷನ್ ಕುಡಚಿ. ಕೃಷ್ಣಾ ತೀರದ ಹಳ್ಳಿಗಳಲ್ಲಿ ಇವತ್ತಿಗೂ ದೊಡ್ಡ ಬೇನೆ ಎಂದರೆ ಹಿರಿಯರ ಬಾಯಲ್ಲಿ ಮಿರಜ್ ಹೆಸರು ಬರುವುದು ಸುಮ್ಮನೆ ಅಲ್ಲ.

ಆದರೆ ಆ ಕಾಲದ ಯಾವ ಆಸ್ಪತ್ರೆಯಲ್ಲೂ, ಮಿರಜ್ ಇರಲಿ ನ್ಯೂಯಾರ್ಕ್ ಇರಲಿ, ದೇಹ ತೆರೆಯದೆ ಒಳಗಿನ ರಕ್ತನಾಳ ಕಾಣುತ್ತಿರಲಿಲ್ಲ. ಕಾಣದ್ದನ್ನು ತಡೆಯುವುದು ಹೇಗೆ? ಆ ಪ್ರಯತ್ನ ಮೊದಲು ಮಾಡಿದವರು ಕತ್ತಲಲ್ಲೇ ಮಾಡಿದರು.

1904: ಗಂಟನ್ನು ಉಪವಾಸ ಕೆಡವುವ ಆಪರೇಷನ್

ನ್ಯೂಯಾರ್ಕಿನ ಶಸ್ತ್ರವೈದ್ಯ ರಾಬರ್ಟ್ ಡಾಬಾರ್ನ್ 1904ರಲ್ಲಿ ಒಂದು ಪದ್ಧತಿಯ ಬಗ್ಗೆ ಬರೆದರು. ಮುಖ ಮತ್ತು ಬಾಯಿಯ ಕ್ಯಾನ್ಸರ್ ಗಂಟುಗಳಿಗೆ ರಕ್ತ ಕೊಡುವ ಕುತ್ತಿಗೆಯ ರಕ್ತನಾಳವನ್ನು ತೆರೆದು, ಅದರೊಳಗೆ ಕರಗಿಸಿದ ಪ್ಯಾರಾಫಿನ್ ಮೇಣ ಮತ್ತು ವ್ಯಾಸಲೀನ್‌ನಂಥ ಜಿಡ್ಡನ್ನು ಬೆರೆಸಿ ತುಂಬುವುದು. ಮೇಣ ಒಳಗೆ ಹೋಗಿ ಗಟ್ಟಿಯಾಗುತ್ತದೆ, ಗಂಟಿಗೆ ಆಹಾರ ನಿಲ್ಲುತ್ತದೆ. ಇದಕ್ಕೆ ಅವರಿಟ್ಟ ಹೆಸರೇ ಉಪವಾಸದ ಆಪರೇಷನ್.

ಮೇಣವೇ ಯಾಕೆ ಬೇಕಿತ್ತು, ನಾಳಕ್ಕೆ ದಾರ ಕಟ್ಟಿದರೆ ಸಾಲದೇ ಎಂದು ಕೇಳಬಹುದು. ರಕ್ತನಾಳಕ್ಕೆ ದಾರ ಕಟ್ಟುವುದು ಬಹಳ ಹಳೆಯ ವಿದ್ಯೆ. ಆದರೆ ದಾರ ಕಟ್ಟಿದರೆ ಮುಖ್ಯ ಕಾಲುವೆಯ ಗೇಟು ಮುಚ್ಚಿದಂತೆ ಅಷ್ಟೇ. ಮುಖದ ಎಡ-ಬಲ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡಿವೆ. ಎಡಗಡೆ ಮುಚ್ಚಿದರೆ ಬಲಗಡೆಯಿಂದ ರಕ್ತ ಬರುತ್ತದೆ. ನೀರಿನ ಈ ಗುಣ ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಹರಿಗೆ ಮಣ್ಣು ಹಾಕಿದರೆ ಪಕ್ಕದ ಬದುವಿನಿಂದ ಜಿನುಗಿ ನೀರು ಅದೇ ಹೊಲಕ್ಕೆ ಇಳಿಯುತ್ತದೆ. ಅದಕ್ಕೇ ಗೇಟು ಬಿಟ್ಟು ಹೊಲದ ಬಾಯಿಯಲ್ಲೇ ತಡೆಯಬೇಕು ಎಂಬುದು ಡಾಬಾರ್ನ್ ಅವರ ವಿಚಾರ. ವಿಚಾರ ಸರಿಯಿತ್ತು. ಮೇಣ ಎಲ್ಲಿಯವರೆಗೆ ಹೋಯಿತು ಎಂದು ನೋಡುವ ಕಣ್ಣು ಮಾತ್ರ ಇರಲಿಲ್ಲ.

ಹರಿವಿನ ಜೊತೆ ತೇಲಿಬಿಟ್ಟ ಚೂರುಗಳು

1930ರ ಹೊತ್ತಿಗೆ ಅಮೆರಿಕದ ಬಾರ್ನಿ ಬ್ರೂಕ್ಸ್ ಇನ್ನೊಂದು ದಾರಿ ಹಿಡಿದರು. ಅವರ ಮುಂದಿದ್ದದ್ದು ಗಂಟಲ್ಲ, ಕಣ್ಣಿನ ಹಿಂದೆ ರಕ್ತನಾಳ ಒಡೆದು ಇನ್ನೊಂದಕ್ಕೆ ಕೂಡಿಕೊಂಡಿದ್ದ ತೊಂದರೆ. ರೋಗಿಯದೇ ಸ್ನಾಯುವಿನ ಚೂರನ್ನು ಕುತ್ತಿಗೆಯ ನಾಳದೊಳಗೆ ಬಿಟ್ಟು, ರಕ್ತದ ಹರಿವೇ ಅದನ್ನು ತೂತಿನತನಕ ಒಯ್ಯಲಿ ಎಂದು ನೋಡಿದರು.

1960ರಲ್ಲಿ ವಾಷಿಂಗ್ಟನ್‌ನ ಆಲ್ಫ್ರೆಡ್ ಲೂಸೆನ್‌ಹಾಪ್ ಮತ್ತು ಸ್ಪೆನ್ಸ್ ಮೆದುಳಿನ ರಕ್ತನಾಳಗಳ ಗೋಜಲಿಗೆ ಚಿಕ್ಕ ಪ್ಲಾಸ್ಟಿಕ್ ಗುಂಡುಗಳನ್ನು ಹೀಗೆಯೇ ಬಿಟ್ಟರು. ಹರಿವು ಜಾಸ್ತಿ ಇರುವ ಕಡೆಗೇ ಗುಂಡು ಹೋಗುತ್ತದೆ ಎಂಬ ನಂಬಿಕೆ. ಕಾಲುವೆಯಲ್ಲಿ ಬಿಟ್ಟ ಕಬ್ಬಿನ ರವದಿ ಜೋರಾಗಿ ಹರಿಯುವ ಕವಲಿಗೇ ಹೋಗುವಂತೆ. ಹೆಚ್ಚಿನ ಸಲ ಹಾಗೇ ಆಗುತ್ತದೆ. ಆದರೆ ಒಂದೆರಡು ಚೂರು ಪಕ್ಕದ ಕವಲಿಗೂ ತಿರುಗುತ್ತವೆ. ಕಾಲುವೆಯಲ್ಲಾದರೆ ಅದರಿಂದ ನಷ್ಟವಿಲ್ಲ. ಮೆದುಳಿನಲ್ಲಿ ಹಾಗೆ ತಿರುಗಿದ ಒಂದೇ ಚೂರು ಸಾಕು, ಕೈಕಾಲು ಬೀಳುತ್ತದೆ, ಮಾತು ನಿಲ್ಲುತ್ತದೆ. ನಾವು ಲಕ್ವ ಎನ್ನುವುದು ಇದನ್ನೇ.

ಈ ಚಿಕಿತ್ಸೆಯ ಮೂಲ ಅಪಾಯ ಇದೇ. ಗಂಟಿಗೆ ಕಳಿಸಿದ ವಸ್ತು ಗಂಟಲ್ಲದ ಕಡೆಗೆ ಹೋಗುವುದು. ಮುಂದಿನ ಅರವತ್ತು ವರ್ಷದ ಚರಿತ್ರೆ ಬಹುಪಾಲು ಈ ಒಂದು ಅಪಾಯದ ಜೊತೆ ನಡೆದ ಹೋರಾಟ.

ಕಣ್ಣು ಬಂತು, ಕೈ ಬಂತು

ಕತ್ತಲು ಸರಿಸಿದ ಮೊದಲ ಹೆಜ್ಜೆ 1927ರದ್ದು. ಪೋರ್ಚುಗಲ್‌ನ ಎಗಾಸ್ ಮೋನಿಜ್ ಮೆದುಳಿನ ರಕ್ತನಾಳಕ್ಕೆ ಎಕ್ಸರೇಯಲ್ಲಿ ಕಾಣುವ ದ್ರವ ಬಿಟ್ಟು ಚಿತ್ರ ತೆಗೆದರು. ಆಂಜಿಯೋಗ್ರಾಂ ಎಂದು ಇವತ್ತು ಹಳ್ಳಿಹಳ್ಳಿಯಲ್ಲಿ ಕೇಳುವ ಹೆಸರಿನ ಹುಟ್ಟು ಅಲ್ಲಿದೆ.

ಎರಡನೆಯದು 1953ರದ್ದು. ಸ್ವೀಡನ್ನಿನ ತರುಣ ವೈದ್ಯ ಸ್ವೆನ್ ಸೆಲ್ಡಿಂಗರ್ ಬಹಳ ಸರಳವಾದ ಉಪಾಯ ಕಂಡುಹಿಡಿದರು. ಸೂಜಿ ಚುಚ್ಚು, ಸೂಜಿಯೊಳಗಿಂದ ತಂತಿ ತೂರಿಸು, ಸೂಜಿ ತೆಗೆ, ತಂತಿಯ ಮೇಲೆ ನಳಿಗೆ ಜಾರಿಸು, ತಂತಿ ತೆಗೆ. ಕೊಯ್ಯದೆ, ತೊಡೆಯ ಸಂದಿಯ ಒಂದು ತೂತಿನಿಂದ ದೇಹದ ಯಾವ ಮೂಲೆಯ ರಕ್ತನಾಳಕ್ಕಾದರೂ ಹೋಗುವ ದಾರಿ ತೆರೆಯಿತು. ಇವತ್ತು ವೈದ್ಯರು "ತೊಡಿಯಿಂದ ನಳಿಗಿ ಹಾಕತೀವಿ" ಎಂದರೆ ಅದು ಸೆಲ್ಡಿಂಗರ್ ದಾರಿಯೇ. ಈಗ ಕೈಯ ಮಣಿಕಟ್ಟಿನಿಂದಲೂ ಹೋಗುತ್ತಾರೆ.

ಇವೆರಡೂ ಕೂಡಿದ ಮೇಲೆ 1970ರ ದಶಕದಲ್ಲಿ ಕೆಲಸ ವೇಗ ಹಿಡಿಯಿತು. 1973ರಲ್ಲಿ ಸ್ವೀಡನ್ನಿನ ಆಲ್ಮ್‌ಗಾರ್ಡ್ ಮತ್ತು ಸಂಗಡಿಗರು ಮೂತ್ರಪಿಂಡದ ಕ್ಯಾನ್ಸರ್‌ಗೆ ಹೋಗುವ ರಕ್ತವನ್ನು ಸ್ನಾಯುವಿನ ಚೂರುಗಳಿಂದ ತಡೆದ ವರದಿ ಕೊಟ್ಟರು. ಫ್ರಾನ್ಸಿನಲ್ಲಿ ಜಿಂಜಿಯಾನ್ ಮತ್ತು ಮಾನೆಲ್ಫ್ ಅವರ ತಂಡಗಳು ಮೆನಿಂಜಿಯೋಮದ ಆಪರೇಷನ್‌ಗೆ ಮೊದಲು ಅದರ ರಕ್ತ ತಡೆಯುವುದನ್ನು ಬೆಳೆಸಿದವು. ಅಮೆರಿಕದ ಮಿನೆಸೋಟದಲ್ಲಿ ಎಸ್. ಎಂ. ತಾಡವರ್ತಿ ಮತ್ತು ಸಂಗಡಿಗರು ಪಾಲಿವಿನೈಲ್ ಆಲ್ಕೋಹಾಲ್ ಎಂಬ ಸ್ಪಂಜಿನಂಥ ವಸ್ತುವನ್ನು ಇದಕ್ಕೆ ಬಳಸಿ ತೋರಿಸಿದರು. ಅದರ ಪುಡಿ ಕಣಗಳು ಇವತ್ತಿಗೂ ಬಳಕೆಯಲ್ಲಿವೆ. ಆಮೇಲೆ ಅಂಟಿನಂಥ ದ್ರವಗಳು, ಲೋಹದ ಸುರುಳಿಗಳು, ಗುಂಡಗಿನ ಮಣಿಕಣಗಳು ಬಂದವು.

ಕಣ್ಣು ಬಂತು, ಕೈ ಬಂತು, ಸಾಮಾನು ಬಂತು. ಅಪಾಯ ಹೋಯಿತೇ? ಇಲ್ಲ. ಮೊದಲು ಕಾಣದೇ ಇದ್ದ ಅಪಾಯಗಳು ಈಗ ಒಂದೊಂದಾಗಿ ಕಾಣತೊಡಗಿದವು.

ಮೊದಲ ಅಪಾಯ: ಒಳಗಿನ ಕೂಡುದಾರಿಗಳು

ತಲೆಗೆ ಎರಡು ಬಗೆಯ ರಕ್ತದ ಕಾಲುವೆಗಳಿವೆ. ಒಂದು ಮುಖ, ನೆತ್ತಿಯ ಚರ್ಮ ಮತ್ತು ಮೆದುಳಿನ ಹೊದಿಕೆಗೆ ಹೋಗುತ್ತದೆ. ಇನ್ನೊಂದು ಮೆದುಳಿಗೆ ಮತ್ತು ಕಣ್ಣಿಗೆ. ಮೆನಿಂಜಿಯೋಮಕ್ಕೆ ರಕ್ತ ಬಹುತೇಕ ಮೊದಲನೆಯದರಿಂದ. ಹಾಗಾದರೆ ಅದನ್ನು ತಡೆದರೆ ಮೆದುಳಿಗೆ ಏನೂ ಆಗಬಾರದಲ್ಲ?

ಹಾಗೆಂದುಕೊಂಡಲ್ಲೇ ತೊಂದರೆಗಳಾದವು. ಈ ಎರಡು ಕಾಲುವೆಗಳ ನಡುವೆ ಕೂದಲೆಳೆಯಂಥ ಕೂಡುದಾರಿಗಳಿವೆ. ಸಾಮಾನ್ಯ ದಿನಗಳಲ್ಲಿ ಅವು ಇದ್ದೂ ಇಲ್ಲದಂತೆ. ಆದರೆ ಒತ್ತಡ ಹಾಕಿ ಕಣ ಬಿಡುವಾಗ ತೆರೆದುಕೊಳ್ಳುತ್ತವೆ. ಕೆಲವರಲ್ಲಂತೂ ಕಣ್ಣಿನ ರಕ್ತನಾಳ ಹುಟ್ಟುವುದೇ ಹೊದಿಕೆಯ ನಾಳದಿಂದ. ಅಂಥವರಲ್ಲಿ ಗಂಟಿಗೆ ಬಿಟ್ಟ ಕಣ ಕಣ್ಣಿಗೆ ಹೋದರೆ ದೃಷ್ಟಿ ಹೋಗುತ್ತದೆ. ಅದೇ ನಾಳದ ಇನ್ನೊಂದು ಸಣ್ಣ ಕವಲು ಮುಖದ ನರಕ್ಕೆ ರಕ್ತ ಕೊಡುತ್ತದೆ. ಅದು ಮುಚ್ಚಿದರೆ ಬಾಯಿ ಸೊಟ್ಟಗಾಗಬಹುದು, ಕಣ್ಣಿನ ರೆಪ್ಪೆ ಮುಚ್ಚದಿರಬಹುದು.

ಪ್ಯಾರಿಸ್ಸಿನ ಪಿಯರ್ ಲಜೋನಿಯಾಸ್ 1970ರ ದಶಕದ ಕೊನೆಯಿಂದ ಈ ಕೂಡುದಾರಿಗಳನ್ನು ಒಂದೊಂದಾಗಿ ಗುರುತಿಸಿ ನಕ್ಷೆ ಮಾಡಿದರು. ಮುಂದೆ ಅಮೆರಿಕದ ಬೆರೆನ್‌ಸ್ಟೈನ್ ಜೊತೆ ಸೇರಿ ದೊಡ್ಡ ಗ್ರಂಥ ಬರೆದರು. ಇವತ್ತು ತರಬೇತಿ ಪಡೆಯುವ ವೈದ್ಯರು ಈ ಕೂಡುದಾರಿಗಳನ್ನು ಕಲಿತೇ ಮುಂದೆ ಹೋಗಬೇಕು. ಕಣ ಬಿಡುವ ಮುಂಚೆ ದ್ರವ ಬಿಟ್ಟು ಚಿತ್ರ ನೋಡುವುದು, ಕೆಲವು ಕಡೆ ಮೊದಲು ಮರಗಟ್ಟಿಸುವ ಮದ್ದು ಸ್ವಲ್ಪ ಬಿಟ್ಟು ಕಣ್ಣು ಕಾಣುತ್ತದೆಯೇ, ಮುಖ ಆಡುತ್ತದೆಯೇ ಎಂದು ಪರೀಕ್ಷಿಸುವುದು, ಇವೆಲ್ಲ ಆ ಅನುಭವದಿಂದ ಬಂದ ಎಚ್ಚರಿಕೆ.

ಬೆನ್ನುಹುರಿಗೂ ಇದೇ ಮಾತು. ಮೂತ್ರಪಿಂಡದ ಕ್ಯಾನ್ಸರ್ ಕೆಲವೊಮ್ಮೆ ಬೆನ್ನಿನ ಎಲುಬಿಗೆ ಹರಡುತ್ತದೆ. ಅಲ್ಲಿ ಆಪರೇಷನ್ ಮಾಡುವ ಮುಂಚೆ ರಕ್ತ ತಡೆಯುತ್ತಾರೆ. ಅದೇ ಜಾಗದಿಂದ ಬೆನ್ನುಹುರಿಗೆ ಹೋಗುವ ಒಂದು ಮುಖ್ಯ ನಾಳ ಹೊರಟಿದ್ದರೆ, ಅದನ್ನು ಗುರುತಿಸದೆ ಕಣ ಬಿಟ್ಟರೆ ಎರಡೂ ಕಾಲು ಬೀಳುವ ಅಪಾಯವಿದೆ.

ಎರಡನೆಯ ಅಪಾಯ: ಹಿಮ್ಮುಖ ಹರಿವು

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ತುಂಬಿ ಬಂದಾಗ ನಮ್ಮ ಭಾಗದವರು ಕಂಡದ್ದು ನೆನಪಿಸಿಕೊಳ್ಳಿ. ಹೊಳೆ ತುಂಬಿದ ಮೇಲೆ ಹಳ್ಳದ ನೀರು ಹೊಳೆಗೆ ಇಳಿಯುವುದಿಲ್ಲ. ಹೊಳೆಯ ನೀರೇ ಹಳ್ಳದೊಳಗೆ ಹಿಂದಕ್ಕೆ ನುಗ್ಗುತ್ತದೆ. ಗಂಟಿನ ನಾಳದಲ್ಲೂ ಹೀಗೆಯೇ. ಮೊದಲು ಬಿಟ್ಟ ಕಣಗಳು ಸಲೀಸಾಗಿ ಗಂಟಿಗೆ ಹೋಗುತ್ತವೆ. ಗಂಟು ತುಂಬುತ್ತ ಬಂದಂತೆ ಹರಿವು ನಿಧಾನವಾಗುತ್ತದೆ. ಆಗಲೂ ಇನ್ನೊಂದಿಷ್ಟು ಬಿಡೋಣ ಎಂದು ಒತ್ತಿದರೆ ಕಣಗಳು ಹಿಂದಕ್ಕೆ ತಿರುಗಿ ಮುಖ್ಯ ನಾಳಕ್ಕೆ ಬಂದು ಅಲ್ಲಿಂದ ಬೇರೆ ಕಡೆ ಹೋಗುತ್ತವೆ. ಎಲ್ಲಿ ನಿಲ್ಲಿಸಬೇಕು ಎಂಬುದೇ ಇಲ್ಲಿ ನಿಜವಾದ ಕೌಶಲ. ಪೂರ್ತಿ ತಡೆಯಬೇಕೆಂಬ ಆಸೆಗಿಂತ ಸಾಕಷ್ಟು ತಡೆದು ನಿಲ್ಲಿಸುವ ಸಂಯಮ ರೋಗಿಯನ್ನು ಉಳಿಸುತ್ತದೆ.

ಮೂರನೆಯ ಅಪಾಯ: ಸಣ್ಣ ಕಣದ ದೊಡ್ಡ ತೊಂದರೆ

ಕಣ ಎಷ್ಟು ಸಣ್ಣದೋ ಅಷ್ಟು ಒಳಗೆ ಹೋಗುತ್ತದೆ, ಅಷ್ಟು ಚೆನ್ನಾಗಿ ರಕ್ತ ನಿಲ್ಲುತ್ತದೆ. ಆದರೆ ಸಣ್ಣ ಕಣ ಸಣ್ಣ ಕೂಡುದಾರಿಯಲ್ಲೂ ನುಸುಳುತ್ತದೆ. ಜೊತೆಗೆ ಗಂಟಿನ ಒಳಭಾಗ ಒಮ್ಮೆಲೇ ಸತ್ತು, ಊದಿ, ಒಳಗೇ ರಕ್ತ ಸೋರಬಹುದು. ತಲೆಬುರುಡೆ ಹಿಗ್ಗುವುದಿಲ್ಲವಲ್ಲ. ಒಳಗೆ ಊದಿದರೆ ಒತ್ತಡ ಬೀಳುವುದು ಮೆದುಳಿನ ಮೇಲೆ.

ನೆದರ್ಲೆಂಡ್ಸ್‌ನ ವೈದ್ಯರು ಸುಮಾರು 200 ಮೆನಿಂಜಿಯೋಮ ರೋಗಿಗಳ ಅನುಭವವನ್ನು 2010ರಲ್ಲಿ ಪ್ರಕಟಿಸಿದರು. ನೂರಕ್ಕೆ ಐದಾರು ಮಂದಿಗೆ ಗಂಭೀರ ತೊಡಕಾಗಿತ್ತು, ಅದರಲ್ಲಿ ಹೆಚ್ಚಿನವು ರಕ್ತ ಸೋರಿದ್ದರಿಂದ. ಅತಿ ಸಣ್ಣ ಕಣ ಬಳಸಿದವರಲ್ಲಿ, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಿಂದ ಏಳನೇ ಒಂದು ಭಾಗದಷ್ಟಿರುವ ಕಣ ಬಳಸಿದವರಲ್ಲಿ, ಈ ತೊಡಕು ಹೆಚ್ಚು ಕಂಡಿತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅಂಥದ್ದೇನೂ ಆಗಲಿಲ್ಲ ಎಂಬುದೂ ಇದೇ ಲೆಕ್ಕದ ಇನ್ನೊಂದು ಮುಖ. ಎರಡನ್ನೂ ಒಟ್ಟಿಗೆ ನೋಡಬೇಕು.

ಇವಲ್ಲದೆ ಸಾಮಾನ್ಯವಾಗಿ ಕಾಣುವ, ಜೀವಕ್ಕೆ ಅಪಾಯವಿಲ್ಲದ ತೊಂದರೆಗಳೂ ಇವೆ. ಮೂತ್ರಪಿಂಡದ ಗಂಟಿನ ರಕ್ತ ತಡೆದ ಮೇಲೆ ಪಕ್ಕೆ ನೋವು, ಜ್ವರ, ವಾಂತಿ ಒಂದೆರಡು ದಿನ ಬರುವುದು ಮಾಮೂಲು. ತೊಡೆಯಲ್ಲಿ ಚುಚ್ಚಿದ ಜಾಗ ಕಪ್ಪಾಗಿ ಊದಬಹುದು. ಎಕ್ಸರೇಯಲ್ಲಿ ಕಾಣುವ ದ್ರವ ಕೆಲವರಿಗೆ ಅಲರ್ಜಿ ತರುತ್ತದೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರ ಕಿಡ್ನಿಗೆ ಅದು ಭಾರವಾಗಬಹುದು.

ಹಾಗಾದರೆ ಇದರಿಂದ ಉಪಯೋಗ ಎಷ್ಟು?

ಇಲ್ಲಿ ಚರಿತ್ರೆ ಇನ್ನೊಂದು ಪಾಠ ಹೇಳುತ್ತದೆ. ಹೊಸ ಚಿಕಿತ್ಸೆ ಬಂದಾಗ ಆಸೆ ಮೊದಲು ಬರುತ್ತದೆ, ಲೆಕ್ಕ ಆಮೇಲೆ. 1970-80ರ ದಶಕದಲ್ಲಿ ಮೂತ್ರಪಿಂಡದ ಕ್ಯಾನ್ಸರ್ ಬೇರೆ ಕಡೆ ಹರಡಿದವರಲ್ಲೂ ಮೊದಲು ರಕ್ತ ತಡೆದು ಆಮೇಲೆ ಮೂತ್ರಪಿಂಡ ತೆಗೆದರೆ, ಸತ್ತ ಗಂಟನ್ನು ಕಂಡು ದೇಹವೇ ಕ್ಯಾನ್ಸರ್ ವಿರುದ್ಧ ಎದ್ದು ನಿಲ್ಲುತ್ತದೆ ಎಂಬ ದೊಡ್ಡ ನಿರೀಕ್ಷೆ ಇತ್ತು. ಅದು ಫಲಿಸಲಿಲ್ಲ. ಇವತ್ತು ಮೂತ್ರಪಿಂಡದ ಎಲ್ಲ ಗಂಟಿಗೂ ಇದನ್ನು ಮಾಡುವುದಿಲ್ಲ. ಬಹಳ ದೊಡ್ಡದಿದ್ದು, ರಕ್ತ ವಿಪರೀತ ಇದ್ದು, ನಾಳವನ್ನು ಮೊದಲೇ ಹಿಡಿಯುವುದು ಕಷ್ಟವಿದ್ದಲ್ಲಿ ಮಾತ್ರ ಯೋಚಿಸುತ್ತಾರೆ.

ಮೆನಿಂಜಿಯೋಮದಲ್ಲೂ ಹಾಗೆಯೇ. ಜರ್ಮನಿಯ ಬೆಂಡ್‌ಸುಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತ ಹೆಚ್ಚುಕಡಿಮೆ ಪೂರ್ತಿ ನಿಂತ ಗಂಟುಗಳಲ್ಲಿ ಮಾತ್ರ ಆಪರೇಷನ್ ವೇಳೆ ರಕ್ತ ಕಡಿಮೆ ಹೋಯಿತು. ಅರ್ಧಂಬರ್ಧ ತಡೆದವರಲ್ಲಿ ಉಪಯೋಗ ಕಾಣಲಿಲ್ಲ. ಹಾಗಾಗಿ ವೈದ್ಯರಲ್ಲೇ ಇದರ ಬಗ್ಗೆ ಒಮ್ಮತವಿಲ್ಲ. ಸಣ್ಣ ಗಂಟು, ಸುಲಭವಾಗಿ ಕೈಗೆ ಸಿಗುವ ಗಂಟು ಇದ್ದರೆ ನೇರ ಆಪರೇಷನ್ ಮಾಡುವವರೇ ಹೆಚ್ಚು. ದೊಡ್ಡದಿದ್ದು, ರಕ್ತ ಬರುವ ನಾಳ ಗಂಟಿನ ಆಳದಲ್ಲಿ, ಮೊದಲು ಕೈಗೆ ಸಿಗದ ಕಡೆ ಇದ್ದರೆ ಎಂಬೊಲೈಸೇಷನ್‌ಗೆ ಅರ್ಥವಿದೆ.

ಹುಡುಗರ ಮೂಗಿನ ಆಂಜಿಯೋಫೈಬ್ರೋಮದಲ್ಲಿ ಮಾತ್ರ ಇದರ ಬಳಕೆ ಗಟ್ಟಿಯಾಗಿ ನಿಂತಿದೆ. ಸಾಮಾನ್ಯವಾಗಿ ಆಪರೇಷನ್‌ಗೆ ಒಂದರಿಂದ ಮೂರು ದಿನ ಮೊದಲು ಮಾಡುತ್ತಾರೆ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಹತ್ತರಿಂದ ಇಪ್ಪತ್ತು ವರ್ಷದೊಳಗಿನ ಹುಡುಗನಿಗೆ ಒಂದೇ ಹೊಳ್ಳೆ ಕಟ್ಟಿ, ಮೇಲಿಂದ ಮೇಲೆ ಮೂಗಿನಿಂದ ರಕ್ತ ಬರುತ್ತಿದ್ದರೆ "ಉಷ್ಣ ಆಗೇತಿ" ಎಂದು ಎಳನೀರು ಕುಡಿಸಿ ಸುಮ್ಮನಾಗಬೇಡಿ. ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಇದು ಕ್ಯಾನ್ಸರ್ ಅಲ್ಲ, ಆದರೆ ಬೆಳೆಯಲು ಬಿಟ್ಟರೆ ಕಣ್ಣು, ಮೆದುಳಿನ ಕಡೆಗೆ ಹೋಗುತ್ತದೆ. ಗಂಟು ಸಣ್ಣದಿದ್ದಾಗ ರಕ್ತ ತಡೆಯುವ ಕೆಲಸದ ಅಪಾಯವೂ ಕಡಿಮೆ.

ನಮ್ಮ ರಾಜ್ಯ, ನಮ್ಮ ದೂರ

ಕರ್ನಾಟಕದಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ಬೇರೂರಿದ್ದು 1958ರಲ್ಲಿ ಬೆಂಗಳೂರಿಗೆ ಬಂದ ಡಾ. ಆರ್. ಎಂ. ವರ್ಮ ಅವರ ಕಾಲದಲ್ಲಿ. ಅವರು ಕೆಲಸ ಮಾಡಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದಕ್ಕೂ ಒಂದು ವರ್ಷ ಮೊದಲು, 1973ರಲ್ಲಿ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಶುರುವಾಗಿತ್ತು. ಈಗ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆಯಲ್ಲೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಆದರೆ ಆಪರೇಷನ್ ಮಾಡುವ ಎಲ್ಲ ಕಡೆಯೂ ಈ ನಳಿಗೆ ಕೆಲಸದ ಪಳಗಿದ ಕೈ ಇರಬೇಕೆಂದಿಲ್ಲ. ಇದಕ್ಕೆ ಬೇರೆಯೇ ತರಬೇತಿ, ಬೇರೆಯೇ ಎಕ್ಸರೇ ಯಂತ್ರ ಬೇಕು.

ಹುನ್ನೂರದಂಥ ಊರಿನವರಿಗೆ ದೂರವೇ ಇನ್ನೊಂದು ಅಪಾಯ. ರಕ್ತ ತಡೆದ ಮೇಲೆ ಗಂಟು ಊದುವುದಾಗಲಿ, ಒಳಗೆ ರಕ್ತ ಸೋರುವುದಾಗಲಿ ಆಗುವುದು ಆಪರೇಷನ್‌ಗಿಂತ ಮುಂಚಿನ ಈ ಗಂಟೆಗಳಲ್ಲಿ, ದಿನಗಳಲ್ಲಿ. ಆಗ ರೋಗಿ ಆಸ್ಪತ್ರೆಯಲ್ಲಿ ಇರಬೇಕು. "ನಳಿಗಿ ಕೆಲಸ ಮುಗೀತು, ಊರಿಗೆ ಹೋಗಿ ದೇವರಿಗೆ ಕಾಯಿ ಒಡೆಸಿ ಬರತೀವಿ" ಎಂದು ಬಸ್ ಹತ್ತಬಾರದು. ದಿನ ಮುಂದೆ ಹೋದರೆ ಇನ್ನೊಂದು ತೊಂದರೆಯಿದೆ. ಮುಚ್ಚಿದ ನಾಳದ ಪಕ್ಕದಲ್ಲಿ ಗಂಟು ಹೊಸ ಕವಲು ಎಳೆದುಕೊಂಡು ಮತ್ತೆ ರಕ್ತ ಕುಡಿಯತೊಡಗುತ್ತದೆ. ಅಪಾಯ ಅನುಭವಿಸಿದ್ದಾಯಿತು, ಉಪಯೋಗ ಕೈತಪ್ಪಿತು ಎಂಬಂತಾಗುತ್ತದೆ. ಹಾಗಾಗಿ ಆಪರೇಷನ್ ದಿನ, ರಕ್ತದ ವ್ಯವಸ್ಥೆ, ದುಡ್ಡಿನ ವ್ಯವಸ್ಥೆ ಮೂರೂ ಗಟ್ಟಿಯಾದ ಮೇಲೇ ನಳಿಗೆ ಕೆಲಸಕ್ಕೆ ಒಪ್ಪಬೇಕು.

ದುಡ್ಡಿನ ಮಾತು ಬಂತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಆಪರೇಷನ್‌ಗೆ ಒಪ್ಪಿಗೆ ಸಿಕ್ಕಿತು ಎಂದರೆ ನಳಿಗೆ ಕೆಲಸಕ್ಕೂ ಸಿಕ್ಕಿತು ಎಂದು ತಿಳಿಯಬೇಡಿ. ಆಸ್ಪತ್ರೆಯ ಆರೋಗ್ಯಮಿತ್ರರನ್ನು ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಸಹಿಯೂ ಬೇರೆ ಬೇರೆ

ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಒಂದು ಮುಖ್ಯ ತೀರ್ಪು ಕೊಟ್ಟಿತು. ರೋಗಿಗೆ ಚಿಕಿತ್ಸೆ ಎಂಥದ್ದು, ಅದರಿಂದ ಲಾಭ ಏನು, ಬೇರೆ ದಾರಿ ಇದೆಯೇ, ಮುಖ್ಯ ಅಪಾಯ ಏನು ಎಂಬುದನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ತುರ್ತು ಪ್ರಸಂಗ ಬಿಟ್ಟರೆ ಒಂದು ಕೆಲಸಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದು ಕೆಲಸಕ್ಕೆ ಸಲ್ಲುವುದಿಲ್ಲ. ಅಂದರೆ ಪ್ರಶ್ನೆ ಕೇಳುವುದು ವೈದ್ಯರಿಗೆ ಮಾಡುವ ಅವಮಾನವಲ್ಲ, ನಿಮ್ಮ ಹಕ್ಕು. ಒಳ್ಳೆಯ ವೈದ್ಯರು ಕೇಳಿಸಿಕೊಳ್ಳುತ್ತಾರೆ.

ಈ ನೂರಿಪ್ಪತ್ತು ವರ್ಷದ ಅನುಭವದಿಂದ ನಾವು ಆರಿಸಿದ ಪ್ರಶ್ನೆಗಳು ಇವು. ಫೋನಿನಲ್ಲಿ ಉಳಿಸಿಕೊಳ್ಳಿ, ಬೇಕಾದಾಗ ಒಂದೊಂದಾಗಿ ಓದಿ ಕೇಳಿ.

1. ರಕ್ತ ತಡೆಯದೆ ನೇರ ಆಪರೇಷನ್ ಮಾಡಿದರೆ ಏನಾಗುತ್ತದೆ ಡಾಕ್ಟ್ರೇ? ಈ ಗಂಟಿಗೆ ಇದು ಬೇಕೇ ಬೇಕೇ?

2. ಗಂಟಿನ ನಾಳದ ಹತ್ತಿರ ಕಣ್ಣಿಗೆ, ಮುಖಕ್ಕೆ, ಮೆದುಳಿಗೆ, ಬೆನ್ನುಹುರಿಗೆ ಹೋಗುವ ದಾರಿ ಇದೆಯೇ? ಮೊದಲು ಚಿತ್ರ ತೆಗೆದು ನೋಡುತ್ತೀರಾ? ಅಪಾಯ ಕಂಡರೆ ಅಲ್ಲಿಗೇ ನಿಲ್ಲಿಸುತ್ತೀರಾ?

3. ಈ ಕೆಲಸ ಮಾಡುವವರು ಯಾರು? ಇದನ್ನು ಅವರು ಮೇಲಿಂದ ಮೇಲೆ ಮಾಡುತ್ತಾರೆಯೇ?

4. ಆಪರೇಷನ್ ಎಷ್ಟು ದಿನಕ್ಕೆ? ನಡುವೆ ರಾತ್ರಿ ತೊಂದರೆಯಾದರೆ ತುರ್ತು ಆಪರೇಷನ್ ಇಲ್ಲೇ ಆಗುತ್ತದೆಯೇ?

5. ಕಿಡ್ನಿ, ಸಕ್ಕರೆ, ರಕ್ತ ತೆಳುವಾಗುವ ಗುಳಿಗೆ, ಅಲರ್ಜಿ, ಇವನ್ನೆಲ್ಲ ಹೇಳಿದ್ದೇವೆ, ನೋಡಿದ್ದೀರಾ?

ರಕ್ತ ತಡೆದ ಮೇಲೆ ರೋಗಿಯ ಹತ್ತಿರ ಇರುವವರಿಗೂ ಒಂದು ಕೆಲಸವಿದೆ. ತಲೆನೋವು ಒಮ್ಮೆಲೇ ಜೋರಾದರೆ, ಮಂಪರು ಹತ್ತಿದರೆ, ಕಣ್ಣು ಮಂಜಾದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಚುಚ್ಚಿದ ಜಾಗದಲ್ಲಿ ರಕ್ತ ಬಂದರೆ "ಬೆಳಗ್ಗೆ ರೌಂಡಿಗೆ ಬಂದಾಗ ಹೇಳಿದರಾಯ್ತು" ಎಂದು ಕಾಯಬೇಡಿ. ಆ ಕ್ಷಣವೇ ನರ್ಸನ್ನು ಎಬ್ಬಿಸಿ.

1989ರಲ್ಲಿ ನಮ್ಮ ಭಾಗದ ರೈತರು ಸರ್ಕಾರದ ದಾರಿ ಕಾಯದೆ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ನೀರನ್ನು ಎಲ್ಲಿ ತಡೆದರೆ ಎಲ್ಲಿ ಏರುತ್ತದೆ, ಯಾವಾಗ ಗೇಟು ಬಿಡಬೇಕು ಎಂಬುದು ಇಲ್ಲಿನ ಜನಕ್ಕೆ ಗೊತ್ತು. ದೇಹದೊಳಗಿನ ಈ ಕೆಲಸವನ್ನೂ ಅದೇ ತಿಳಿವಳಿಕೆಯಿಂದ ನೋಡಿದರೆ ಆಸ್ಪತ್ರೆಯ ಕಾಗದ ಅಷ್ಟು ಅಪರಿಚಿತ ಅನ್ನಿಸುವುದಿಲ್ಲ. ಕೇಳಿ, ತಿಳಿದು, ಆಮೇಲೆ ಸಹಿ ಹಾಕಿ.